ಯಾವ್ ನಿಮಾಕೊನ ಗುರುವಾರದ ಕಂಪ್ಯೂಟರು

ಸರಕು ನೋಡುವ ಕಣ್ಣಿನಿಂದ ಯಾವ್ ನಿಮಾಕೊನನ್ನು ನೋಡಿದರೆ ಹೀಗೆ: ಕಟ್ಟು ಗಟ್ಟಿ, ಮೇಲಿನ ಬಣ್ಣ ಅಲ್ಲಲ್ಲಿ ಹೋಗಿದೆ, ಧ್ವನಿ ಬೇಕಾದದ್ದಕ್ಕಿಂತ ಜಾಸ್ತಿ, ನಿಲ್ಲಿಸುವ ಗುಂಡಿ ಇಲ್ಲ. ಮೊದಲ ಸಲ ಕುಮಾಸಿ ಪೇಟೆಯ ಅಸಾಫೊದಲ್ಲಿರುವ ನನ್ನ ಅಂಗಡಿಯ ಬಾಗಿಲಲ್ಲಿ ಬಂದು ನಿಂತಾಗಲೇ ಇವನು ಎಂಥ ಗಿರಾಕಿ ಅಂತ ತೂಗಿಬಿಟ್ಟೆ. ಚೌಕಾಸಿಯಲ್ಲಿ ನನ್ನ ಪ್ರಾಣ ತೆಗೆಯುತ್ತಾನೆ, ಕೊನೆಗೆ ಕೊಳ್ಳುತ್ತಾನೆ, ಕೊಂಡದ್ದನ್ನು ವಾಪಸು ತರುವುದಿಲ್ಲ. ಆದರೆ ಅದರ ಸುದ್ದಿ ಹೇಳುವುದಕ್ಕೆ ದಿನಾ ಬಂದು ಕೂರುತ್ತಾನೆ. ನನ್ನ ಅಂದಾಜು ತಪ್ಪಲಿಲ್ಲ. ಕುರ್ಚಿಯೊಂದು ಅವನ ಹೆಸರಿಗೇ ಹೋಯಿತು.

ನಾನು ಮಾರುವುದು ಯುರೋಪಿನ ಕಚೇರಿಗಳು ಬೇಡವೆಂದು ಹೊರಗೆಸೆದ ಕಂಪ್ಯೂಟರು. ತೇಮಾ ಬಂದರಿನಲ್ಲಿ ಇಳಿದು ಲಾರಿಯಲ್ಲಿ ಕುಲುಕಿಸಿಕೊಂಡು ಕುಮಾಸಿ ಸೇರುವ ಹೊತ್ತಿಗೆ ಅವುಗಳಲ್ಲಿ ಅರ್ಧಕ್ಕೆ ಜೀವ ಇರುತ್ತದೆ, ಉಳಿದರ್ಧಕ್ಕೆ ಇದೆ ಅಂತ ನಾನು ಹೇಳುತ್ತೇನೆ. ನಿಮಾಕೊ ಕೊಂಡದ್ದು ಈ ಎರಡರ ಮಧ್ಯದ್ದು. ಅದರೊಳಗೆ ಗಡಿಯಾರ ನಡೆಸುವ ಬಿಲ್ಲೆ ಬ್ಯಾಟರಿ ಸತ್ತಿತ್ತು. ಹಾಗಾಗಿ ಪ್ರತಿ ಸಲ ಹಚ್ಚಿದಾಗಲೂ ಒಂದು ಕೂಗು ಹಾಕಿ, ಎಫ್-ಒಂದು ಒತ್ತಿ ಅಂತ ಕೇಳಿ, ಒತ್ತಿದ ಮೇಲೆ 1998ರ ಜನವರಿ ಒಂದನೇ ತಾರೀಖಿಗೆ ಎದ್ದು ಕೂರುತ್ತಿತ್ತು. ಇದನ್ನು ಹೇಳಿಯೇ ಮಾರಿದ್ದೆ, ಬೆಲೆಯನ್ನೂ ಇಳಿಸಿದ್ದೆ.

"ಇರಲಿ ಬಿಡಿ ಆಂಟಿ," ಅಂದಿದ್ದ. "ಎದ್ದ ಕೂಡಲೇ ಯಜಮಾನನಿಗೆ ಕೂಗಿ ನಮಸ್ಕಾರ ಹೇಳುತ್ತೆ. ನಾನು ಗುಂಡಿ ಒತ್ತಿ ಆಶೀರ್ವಾದ ಮಾಡ್ತೀನಿ. ನನ್ನ ಮನೇಲಿ ಇಷ್ಟು ಮರ್ಯಾದೆ ಯಾರು ಕೊಡ್ತಾರೆ?"

ಅವನ ಕಸುಬು ಸಾವಿನ ಮನೆಗಳಲ್ಲಿ ಹಾಡು ಹಾಕುವುದು. ಆಳೆತ್ತರದ ಸ್ಪೀಕರುಗಳು, ಒಂದು ಕ್ಯಾಸೆಟ್ ಡೆಕ್ಕು, ಒಂದು ಮೈಕು, ಇವನ್ನೆಲ್ಲ ಹೊರುವ ಒಂದು ಮುದಿ ವ್ಯಾನು. ಆಗೆಲ್ಲ ಸುಆಮೆಯ ಕಡೆಯ ಹೊಸಬನೊಬ್ಬ ಸುತ್ತುವ ದೀಪ, ಹೊಗೆ ಉಗುಳುವ ಯಂತ್ರ ತಂದು ಇವನ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಎಳೆದುಕೊಳ್ಳುತ್ತಿದ್ದ. ಹೊಗೆಗೆ ಎದುರಾಗಿ ಏನು ಹೂಡುವುದು ಅಂತ ನಿಮಾಕೊ ತಲೆ ಕೆರೆದುಕೊಳ್ಳುತ್ತಿದ್ದಾಗ ನನ್ನ ಅಂಗಡಿಯಲ್ಲಿ ಹಳೆಯ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದಿದ್ದ ಸೀಡಿ ಅವನ ಕೈಗೆ ಸಿಕ್ಕಿತು. ಅದರಲ್ಲಿ, ಹಾಡು ಕೇಳಿಸಿಕೊಂಡು ಅದರ ತಾಳಕ್ಕೆ ಸರಿಯಾಗಿ ಪರದೆಯ ಮೇಲೆ ಬಣ್ಣ ಕುಣಿಸುವ ಒಂದು ಪ್ರೋಗ್ರಾಮು. ಮಗ್ಗದ ಮೇಲೆ ಪಟ್ಟಿ ಪಟ್ಟಿಯಾಗಿ ನೇಯ್ದ ಹಾಗೆ ಕಾಣುತ್ತದೆಂದು ನಾವು ಅದಕ್ಕೆ ನಮ್ಮ ಕಡೆಯ ಕೆಂಟೆ ಬಟ್ಟೆಯ ಹೆಸರನ್ನೇ ಇಟ್ಟೆವು.

ಕೆಂಟೆಯ ಕರಾರು ಸರಳ. ಮೂವತ್ತು ದಿನ ಪುಕ್ಕಟೆ ನೋಡಿ, ಹಿಡಿಸಿದರೆ ಡಾಲರು ಕಳಿಸಿ, ಇಲ್ಲವಾದರೆ ಬಾಗಿಲು ಮುಚ್ಚುತ್ತೇವೆ. ಕೆಜೇಟಿಯಾ ಮಾರ್ಕೆಟ್ಟಿನ ಕಿತ್ತಳೆಯವಳು ರುಚಿಗೆಂದು ಒಂದು ತೊಳೆ ಕೊಡುವಾಗಲೂ ಮುಖ ಸಿಂಡರಿಸುತ್ತಾಳೆ. ಇವರು ತಿಂಗಳಿಡೀ ಬುಟ್ಟಿಯನ್ನೇ ಬಿಟ್ಟುಹೋಗುತ್ತಾರೆ. ಇಂಥವರು ವ್ಯಾಪಾರ ಹೇಗೆ ಮಾಡುತ್ತಾರೋ ನನಗಂತೂ ತಿಳಿಯದು.

ಅದನ್ನು ಹಾಕಿದ ದಿನ ಗುರುವಾರ. ಹಾಕಿಯಾಯಿತು, ಕ್ಯಾಸೆಟ್ಟು ಓಡುತ್ತಿದೆ, ಪರದೆಯ ಮೇಲೆ ಮಾತ್ರ ಅಡ್ಡಕ್ಕೆ ಒಂದೇ ಗೆರೆ.

"ಸತ್ತವನ ನಾಡಿ ಇದ್ದ ಹಾಗಿದೆ," ಅಂದೆ.

"ಕಿವುಡು ಆಂಟಿ, ಕಿವುಡು ಮಾಲು ಕೊಟ್ಟಿದ್ದೀರಿ!" ಅಂತ ಅವನು ಪೆಟ್ಟಿಗೆಯ ಪಕ್ಕಕ್ಕೆ ಬಾಯಿಟ್ಟು, "ಏಯ್! ಕೇಳಿಸ್ತಾ?" ಅಂತ ಅರಚಿದ. ಎದುರಿನ ಟಯರು ಅಂಗಡಿಯವನು ತನ್ನನ್ನೇ ಕರೆದರೆಂದು ಎದ್ದು ಬಂದ.

ಹಿಂದುಗಡೆ ನೋಡಿದರೆ ಡೆಕ್ಕಿನ ವೈರನ್ನು ಸ್ಪೀಕರಿನ ತೂತಿಗೆ ಚುಚ್ಚಿದ್ದಾನೆ. ಅಂದರೆ ಯಂತ್ರದ ಕಿವಿ ಬಿಟ್ಟು ಬಾಯಿಗೆ ಹಾಡು ತುರುಕುತ್ತಿದ್ದಾನೆ. ತೆಗೆದು ಸರಿಯಾದ ತೂತಿಗೆ ಹಾಕಿದೆವು, ಪರದೆಯ ಮೇಲಿನ ಧ್ವನಿಯ ಕಿಟಕಿಯಲ್ಲಿ ಕೇಳಿಸಿಕೊಳ್ಳುವ ಕಡೆ ಗುರುತು ಹಾಕಿದೆವು. ಗೆರೆ ಕುಣಿಯಿತು. ಆದರೆ ಗರ್ಭಿಣಿ ಹೆಂಗಸಿನ ಹಾಗೆ ನಿಧಾನಕ್ಕೆ, ಹಾಡಿಗಿಂತ ಎರಡು ಹೆಜ್ಜೆ ಹಿಂದೆ. ಪರದೆಯ ಅಳತೆ ಇಳಿಸಿದೆವು, ಬಣ್ಣಗಳ ಎಣಿಕೆ ಇಳಿಸಿದೆವು, ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನು ಹಿಡಿದೆವು. ಆಗ ಕುಣಿತ ಸರಿಹೋಯಿತು. ಬಂದ ಬಣ್ಣ ಮಾತ್ರ ಗುಲಾಬಿ ಮತ್ತು ಗಿಳಿಹಸಿರು.

"ಇದನ್ನು ಹೆಣದ ಮುಂದೆ ಇಟ್ಟರೆ ಮುಂದಿನ ಹೆಣ ನನ್ನದೇ," ಅಂದ ನಿಮಾಕೊ. ನಮ್ಮಲ್ಲಿ ಸಾವಿನ ಕಾರ್ಯ ನಡೆಯುವುದು ಶನಿವಾರ; ಆ ದುಃಖಕ್ಕೆ ಕೆಂಪು, ಕಪ್ಪು ಬಿಟ್ಟು ಬೇರೆ ಬಣ್ಣ ನಡೆಯುವುದಿಲ್ಲ. ಕೂತು ಕೂತು, ಗುಂಡಿ ಒತ್ತಿ ಒತ್ತಿ, ಕೊನೆಗೂ ಕೆಂಟೆಗೆ ಶೋಕದ ಬಟ್ಟೆ ಉಡಿಸಿದ. ಕಪ್ಪಿನ ಮೇಲೆ ಕೆಂಪು ಅಲೆ, ತಮಟೆ ಬಿದ್ದಲ್ಲೆಲ್ಲ ಉಕ್ಕುವ ಹಾಗೆ. ಮುಂದಿನ ಶನಿವಾರ ಅದನ್ನು ನೋಡಿದ ಮುದುಕಿಯರು ಅಳುವುದನ್ನು ನಿಲ್ಲಿಸಿ ಕುರ್ಚಿ ಹತ್ತಿರ ಎಳೆದುಕೊಂಡರಂತೆ. ಹೊಗೆಯವನ ವ್ಯಾಪಾರ ತಣ್ಣಗಾಯಿತು.

ವಿಚಿತ್ರವೆಂದರೆ, ಅದೇ ಸೀಡಿಯಿಂದ ನಾನು ಬೇರೆಯವರಿಗೆ ಹಾಕಿಕೊಟ್ಟ ಕೆಂಟೆ ತಿಂಗಳು ತುಂಬಿದ ಕೂಡಲೇ ಬಾಗಿಲು ಮುಚ್ಚುತ್ತಿತ್ತು. ನಿಮಾಕೊನದು ಮುಚ್ಚಲೇ ಇಲ್ಲ. ವರ್ಷ ದಾಟಿತು, ಕುಣಿಯುತ್ತಲೇ ಇತ್ತು. ಕಾರಣ ನನಗೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು, ಅಂದರೆ ಗೊತ್ತಿದೆ ಅಂತ ಊರಿಗೆಲ್ಲ ಹೇಳುತ್ತಿದ್ದ.

ನಮ್ಮಲ್ಲಿ ಹುಟ್ಟಿದ ವಾರವೇ ಮೊದಲ ಹೆಸರು. ಗುರುವಾರದ ಗಂಡು ಯಾವ್, ಶನಿವಾರದ ಹೆಣ್ಣು ಅಮಾ. "ನಾನು ಗುರುವಾರದವನು, ಗುರುವಾರ ಹಾಕಿದೆ, ಒಪ್ಪಿಕೊಂಡುಬಿಡ್ತು," ಅನ್ನುತ್ತಿದ್ದ. "ಆ ಕೊಫಿ ಶುಕ್ರವಾರ ಹುಟ್ಟಿ ಮಂಗಳವಾರ ಹಾಕಿಸಿಕೊಂಡಿದ್ದಾನೆ. ಯಂತ್ರಕ್ಕೆ ಮರ್ಯಾದೆ ಬೇಡವಾ?" ಜನ ನಂಬಿದರು. 'ನಮ್ಮ ವಾರದ ದಿನ ಬರುತ್ತೇವೆ, ಅವತ್ತೇ ಹಾಕಿಕೊಡಿ' ಅಂತ ನನ್ನಲ್ಲಿ ಕೇಳತೊಡಗಿದರು. ನಾನು ಅಲ್ಲವೆಂದು ಯಾಕೆ ಹೇಳಲಿ? ವಾರದ ಎಲ್ಲ ದಿನವೂ ಗಿರಾಕಿ ಬರುವುದು ಯಾವ ಅಂಗಡಿಗೆ ಬೇಡ?

ಹೀಗಿರುವಾಗ ಅವನ ಅತ್ತೆ ತೀರಿಕೊಂಡಳು. ಮಾಮೆ ಟಿವಾ ಅಂದರೆ ಸಾಮಾನ್ಯ ಹೆಂಗಸಲ್ಲ. ಬದುಕಿರುವಷ್ಟು ದಿನ ಅಳಿಯನನ್ನು 'ನನ್ನ ಮಗಳನ್ನು ಕಟ್ಟಿಕೊಂಡ ಸದ್ದು' ಅಂತಲೇ ಕರೆದವಳು. ಅವಳ ಮಗ ಆಡೊಮಾಕೊ, ನಿಮಾಕೊನ ಭಾವಮೈದುನ, ಸುಆಮೆಯ ಹೊಗೆಯವನನ್ನು ಆಗಲೇ ಮಾತಾಡಿಸಿಬಿಟ್ಟಿದ್ದ. ಅತ್ತೆಯ ಹೆಣದ ಮುಂದೆ ಅಳಿಯನನ್ನು ಬಿಟ್ಟು ಹೊರಗಿನವನು ಹಾಡು ಹಾಕಿದರೆ, ಅದೂ ಅಳಿಯನ ಕಸುಬೇ ಅದಾಗಿರುವಾಗ, ಆಮೇಲೆ ಕುಮಾಸಿಯಲ್ಲಿ ಅವನನ್ನು ಯಾರು ಕರೆಯುತ್ತಾರೆ? ನಿಮಾಕೊ ಕೈಕಾಲು ಹಿಡಿದ. ಶುಕ್ರವಾರ ಬೆಳಿಗ್ಗೆ ಮನೆಯಂಗಳದಲ್ಲಿ ಒಮ್ಮೆ ಆಡಿಸಿ ತೋರಿಸು, ಆಮೇಲೆ ನೋಡೋಣ ಅಂದ ಆಡೊಮಾಕೊ.

ಆಡಿಸಿ ತೋರಿಸಿದ. ಕೆಂಪು ಕಪ್ಪು ಚೆನ್ನಾಗಿಯೇ ಕುಣಿಯಿತು. ಆಡೊಮಾಕೊ ಪರದೆಯ ಮೂಲೆಗೆ ಬೆರಳಿಟ್ಟ.

"ಅಕೊಂತಾ, ಇದೇನು ತಾರೀಖು?" ನಮ್ಮಲ್ಲಿ ಭಾವ-ಮೈದುನರು ಒಬ್ಬರನ್ನೊಬ್ಬರು ಕರೆಯುವುದು ಹಾಗೆ.

"ಅದಾ? ಅದು ಯಂತ್ರದ ಸ್ವಂತ ವಿಚಾರ."

"ಗುರುವಾರ, ಜನವರಿ ಒಂದು, 1998 ಅಂತಿದೆ. ಅವತ್ತು ನಮ್ಮಮ್ಮ ಒನಕೆ ಹಿಡಿದು ನಿನ್ನನ್ನು ಬೀದಿ ತುಂಬ ಓಡಿಸ್ತಾ ಇದ್ದಳು. ಅಕ್ರಾದಿಂದ, ಒಬುಆಸಿಯಿಂದ ನೆಂಟರು ಬರ್ತಾರೆ. ಅವರ ಮುಂದೆ ಅಮ್ಮನ ಕಾರ್ಯದ ತಾರೀಖೇ ತಪ್ಪಾ? ನಾಳೆ ಸರಿಯಾದ ತಾರೀಖಿನ ಜೊತೆ ಬಣ್ಣ ಬಂದರೆ ನೀನು. ಬರದಿದ್ದರೆ ಹೊಗೆಯವನ ವ್ಯಾನು ಮೂಲೆಯಲ್ಲೇ ನಿಂತಿರುತ್ತೆ."

ಮಧ್ಯಾಹ್ನ ನಿಮಾಕೊ ಪೆಟ್ಟಿಗೆ ಹೊತ್ತು ನನ್ನಲ್ಲಿಗೆ ಬಂದ. ಸಾವಿನ ಮನೆಯ ಕೆಲಸ, ಇಂಥದ್ದಕ್ಕೆ ಲೆಕ್ಕ ಹಾಕಬಾರದು ಅಂತ ಹೊಸ ಬಿಲ್ಲೆ ಬ್ಯಾಟರಿ ಹಾಕಿ ತಾರೀಖು ಸರಿ ಮಾಡಿದೆ. ಆರಿಸಿ ಹಚ್ಚಿದೆವು. ಕೂಗಲಿಲ್ಲ, ಎಫ್-ಒಂದು ಕೇಳಲಿಲ್ಲ, ನೇರ ಎದ್ದು ಸರಿಯಾದ ದಿನಕ್ಕೆ ಕೂತಿತು. ಅಷ್ಟರಲ್ಲಿ ಕರೆಂಟು ಹೋಯಿತು. ಕೆಂಟೆ ಆಡಿಸಿ ನೋಡಲಾಗಲಿಲ್ಲ.

"ಇವತ್ತು ನಮಸ್ಕಾರವೇ ಹೇಳಲಿಲ್ಲ ಆಂಟಿ," ಅಂದ, ಮುಖ ಚಿಕ್ಕದು ಮಾಡಿಕೊಂಡು. "ನೆಂಟರ ಕಡೆ ಸೇರ್ಕೊಂಡಿದೆ."

ಶನಿವಾರ ನಾನೂ ಕಪ್ಪು ಬಟ್ಟೆ ಉಟ್ಟು ಹೋದೆ. ಶಾಮಿಯಾನದ ಕೆಳಗೆ ಕಿಕ್ಕಿರಿದು ಜನ, ಅವರಲ್ಲಿ ಎಷ್ಟೋ ಮಂದಿ ನನ್ನ ಗಿರಾಕಿಗಳು. ಮಾಮೆ ಟಿವಾಳ ಚಿತ್ರದ ಪಕ್ಕದಲ್ಲಿ ಮೇಜು, ಮೇಜಿನ ಮೇಲೆ ಕಂಪ್ಯೂಟರು. ಅದರ ಹಣೆಗೆ 'ಡೂಫಿಯೆ ಆಂಟಿಯ ಅಂಗಡಿ, ಅಸಾಫೊ' ಅಂತ ನನ್ನದೇ ಚೀಟಿ, ಬಹಳ ದೂರಕ್ಕೂ ಕಾಣುವ ಹಾಗೆ. ಕ್ಯಾಸೆಟ್ಟು ಹಾಡುತ್ತಿತ್ತು. ನಿಮಾಕೊ ಕೆಂಟೆಯನ್ನು ಕರೆದ.

ಬಣ್ಣ ಬರಲಿಲ್ಲ. ಪರದೆಯ ಮೇಲೆ ಬೂದು ಬಣ್ಣದ ಚೌಕವೊಂದು ಬಂತು. ಪುಕ್ಕಟೆ ನೋಡುವ ದಿನಗಳು ಎಂದೋ ಕಳೆದುಹೋಗಿವೆ, ಡಾಲರು ಕಳಿಸಿ ಅಂತ.

ಮುಚ್ಚಿದ, ತೆರೆದ. ಅದೇ. ಅಳಿಸಿ ಸೀಡಿಯಿಂದ ಹೊಸದಾಗಿ ಹಾಕಿದ. ಅದೇ. ವೈರು ಅಲ್ಲಾಡಿಸಿದ, ಫ್ಯಾನು ತಿರುಗಿಸಿದ. ಆಡೊಮಾಕೊ ಹಿಂದೆ ಬಂದು ನಿಂತ.

"ಕುಲದ ಹಿರಿಯರು ನಾನಾ ಅಚಿಯಾ ಬರೋ ಹೊತ್ತಾಯ್ತು, ಅಕೊಂತಾ. ಅವರು ಕೂತ ಮೇಲೂ ಪರದೆ ಹೀಗೇ ಇದ್ದರೆ ನಾನು ವ್ಯಾನಿಗೆ ಕೈ ಬೀಸ್ತೀನಿ."

"ಇವತ್ತು ಶನಿವಾರ! ಗುರುವಾರದವನು ಹಾಕಿದರೆ ಹೇಗೆ ಹಿಡಿಯುತ್ತೆ?" ಅಂತ ನಿಮಾಕೊ ಹೆಂಡತಿಯನ್ನು ಕೂಗಿದ. ಅವಳು ಅಮಾ ಪೊಕುವಾ, ಶನಿವಾರದವಳು. ತಾಯಿಗಾಗಿ ಅಳುತ್ತಿದ್ದವಳು ಕಣ್ಣೊರೆಸಿಕೊಂಡು ಬಂದಳು.

"ಈ ಗುಂಡಿ ಒತ್ತು."

"ಇದಕ್ಕೇನಾ ನನ್ನನ್ನು ಕಟ್ಟಿಕೊಂಡದ್ದು?"

"ಒತ್ತೇ!"

ಒತ್ತಿದಳು. ಡಾಲರು ಕಳಿಸಿ ಅಂತು. "ನಮ್ಮಮ್ಮ ಹೇಳಿದ್ದು ಸರಿ," ಅಂತ ಅವಳು ಮತ್ತೆ ಅಳುವುದಕ್ಕೆ ಹೋದಳು.

"ಯಾರು ಕೆಡಿಸಿದ್ದು ಇದನ್ನ?" ಆಡೊಮಾಕೊ ಎಲ್ಲರಿಗೂ ಕೇಳುವ ಹಾಗೆ ಕೇಳಿದ. "ನಿನ್ನೆ ಬೆಳಿಗ್ಗೆ ಸರಿ ಇತ್ತು. ಆಮೇಲೆ ಕೈ ಇಟ್ಟವರು ಯಾರು?" ಅವನ ಕಣ್ಣು ಯಂತ್ರದ ಹಣೆಯ ಚೀಟಿಯ ಮೇಲಿತ್ತು. ಮುಂದಿನ ಸಾಲಿನ ಕುರ್ಚಿಗಳೆಲ್ಲ ನನ್ನ ಕಡೆ ತಿರುಗಿದವು.

"ನಾನೇ," ಅಂದ ನಿಮಾಕೊ. "ಅತ್ತೆಗೆ ಧೂಳು ಆಗೋದಿಲ್ಲ ಅಂತ ಒರೆಸಿದೆ. ಜಾಸ್ತಿ ಒರೆಸಿದೆ. ಏನೋ ಸಡಿಲಾಯ್ತು."

"ಬದುಕಿದ್ದಾಗ ಒರೆಸಲಿಲ್ಲ, ಸತ್ತ ಮೇಲೆ ಒರೆಸಿದನಂತೆ!" ಅಂತ ಯಾರೋ ಅಂದರು. ಜನ ನಕ್ಕರು. ನಗಲಿ ಅಂತ ಅವನು ಬಿಟ್ಟುಕೊಟ್ಟ, ಜೀವಮಾನದಲ್ಲಿ ಒಂದು ಮಾತನ್ನೂ ಬಿಟ್ಟುಕೊಡದವನು.

ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ಆಂಟಿ, ನೀವು ಇದಕ್ಕೆ ವಾರ ಕಲಿಸಿಬಿಟ್ರಿ. ಮೊದಲು ಪಾಪ, ದಿನಾ ಗುರುವಾರ ಅಂದುಕೊಂಡು ಏಳ್ತಿತ್ತು, ನನ್ನನ್ನು ಕಂಡರೆ ಕುಣೀತಿತ್ತು. ಈಗ ಶನಿವಾರ ಅಂತ ಗೊತ್ತಾಗಿಹೋಗಿದೆ. ಮರೆಸಿ."

ಅವನ ಮಾತು ಪೂರ್ತಿ ಮುಗಿಯುವ ಮೊದಲೇ ನನಗೆ ಹೊಳೆಯಿತು. ದಿನಾ ಬಂದು ಒಂದು ತೊಳೆ ಬಾಯಿಗೆ ಹಾಕಿಕೊಂಡು, 'ಅಮ್ಮಾ, ಇವತ್ತೇ ಮೊದಲು ಬಂದದ್ದು' ಅನ್ನುವ ಗಿರಾಕಿ ಇದ್ದ ಹಾಗೆ ಈ ಯಂತ್ರ! ಪ್ರತಿ ಸಲವೂ ಅದಕ್ಕೆ ಅದೇ ಜನವರಿ ಒಂದು, ಮೂವತ್ತರಲ್ಲಿ ರುಚಿ ನೋಡುವ ಮೊದಲ ದಿನ. ಹೊಸ ಬ್ಯಾಟರಿ ಅದಕ್ಕೆ ನಿಜ ಹೇಳಿತು, ಕಿತ್ತಳೆಯವಳು ತೊಳೆಗೆ ಚಾಚಿದ ಕೈಯನ್ನು ಹಿಡಿದು ನಿಲ್ಲಿಸಿದಳು. ಇಷ್ಟು ವರ್ಷ ವ್ಯಾಪಾರ ಮಾಡಿದ ನನಗೆ ಮೊದಲೇ ತಿಳಿಯಬೇಕಿತ್ತು. ಆದರೆ ವಿವರಿಸುವ ಹೊತ್ತೇ ಅದು?

"ತೆಗಿ ಅದನ್ನ," ಅಂದೆ.

ವೈರು ಕಿತ್ತು, ಮೇಜಿನ ಕೆಳಗೆ ಬಗ್ಗಿ, ಹೆಂಡತಿಯ ಕೂದಲಿನ ಪಿನ್ನಿನಿಂದ ಬಿಲ್ಲೆ ಎಬ್ಬಿಸಿದ. ಯಂತ್ರ ತಾರೀಖು ಮರೆಯಲೆಂದು ಒಂದು ಹಾಡು ಮುಗಿಯುವವರೆಗೆ ಕಾದೆವು. ಛತ್ರಿಯ ನೆರಳಿನಲ್ಲಿ ನಾನಾ ಅಚಿಯಾ ಬರುವುದು ಕಾಣಿಸಿತು. ಹಚ್ಚಿದ. ಪೆಟ್ಟಿಗೆ ಒಂದು ಕೂಗು ಹಾಕಿತು.

"ನೋಡಿ, ನಮಸ್ಕಾರ ಹೇಳ್ತು!" ಅಂದ ನಿಮಾಕೊ. ಅವನ ಕಣ್ಣು ತುಂಬಿತ್ತು. ಎಫ್-ಒಂದು ಒತ್ತಿದ. ಕೆಂಟೆ ತೆರೆಯಿತು. ಕಪ್ಪಿನ ಮೇಲೆ ಕೆಂಪು ಉಕ್ಕಿತು. ಮುದುಕಿಯರು ಕುರ್ಚಿ ಎಳೆದ ಸದ್ದು ಹಾಡಿಗಿಂತ ಜೋರಾಗಿ ಕೇಳಿತು.

ನಾನಾ ಕೂತರು. ಆಡೊಮಾಕೊ ಬಿಡುವವನೇ? "ನಾನಾ, ತಾರೀಖು ನೋಡಿ. 1998 ಅಂತೆ, ಗುರುವಾರ ಅಂತೆ. ಇದು ನಮ್ಮ ಮನೆಗೆ ಅವಮಾನ ಅಲ್ವಾ? ವ್ಯಾನು ಕರೀಲಾ?"

ನಾನಾ ಕನ್ನಡಕ ಏರಿಸಿ ಮೂಲೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚಿತ್ರವನ್ನು ನೋಡಿದರು.

"ಆ ದಿನ ಟಿವಾ ಎಲ್ಲಿದ್ದಳು?"

"ಮನೇಲೇ, ನಾನಾ. ಗಟ್ಟಿಯಾಗಿದ್ದಳು."

"ಈ ನಿಮಾಕೊ ಆಗ ನಮ್ಮ ಅಳಿಯನಾಗಿದ್ದನಾ?"

"ಇಲ್ಲ ನಾನಾ. ಮದುವೆ ಆದದ್ದು ಮರುವರ್ಷ."

"ಹಾಗಾದರೆ ಅವಳಿಗೆ ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ. ಅಲ್ಲೇ ಇರಲಿ ಬಿಡು. ವ್ಯಾನಿನವನಿಗೆ ಊಟ ಹಾಕಿ ಕಳಿಸು." ನಿಮಾಕೊನ ಕಡೆ ತಿರುಗಿ, "ಸ್ವಲ್ಪ ಜೋರಾಗಿ ಹಾಕೋ, ನನಗೆ ಕಿವಿ ಕಮ್ಮಿ," ಅಂದರು.

ಅವನಿಗೆ ಈ ಮಾತನ್ನು ಎರಡನೇ ಸಲ ಹೇಳಬೇಕಾಗಲಿಲ್ಲ.

ಸಂಜೆ ಹೊರಡುವಾಗ ಕೈ ಕುಲುಕುವ ನೆಪದಲ್ಲಿ ಬ್ಯಾಟರಿಯನ್ನು ನನ್ನ ಅಂಗೈಗೆ ಒತ್ತಿದ. "ನಿಮ್ಮ ವಸ್ತು ಆಂಟಿ. ಯಾರಿಗೂ ತೋರಿಸ್ಬೇಡಿ," ಅಂದ. ಮರುದಿನದಿಂದ ಅಂಗಡಿಯ ಕುರ್ಚಿಯಲ್ಲಿ ಅದೇ ಹಳೆಯ ಕಥೆ: ಗುರುವಾರ ಹುಟ್ಟಬೇಕು, ಗುರುವಾರ ಹಾಕಬೇಕು. ಕಿತ್ತಳೆಯವಳ ಲೆಕ್ಕ ಹೇಳಿ ನೋಡಿದೆ. ಕೇಳಿಸಿಕೊಂಡು, "ನಾನು ಹೇಳಿದ್ದೂ ಅದೇ ಅಲ್ವಾ? ಅದಕ್ಕೆ ದಿನಾ ಗುರುವಾರ," ಅಂದ.

ಬ್ಯಾಟರಿ ಹಾಕಿದವಳು ನಾನು. ನನ್ನ ಗಿರಾಕಿಗಳು ತುಂಬಿದ ಶಾಮಿಯಾನದಲ್ಲಿ ಯಾರು ಅಂತ ಕೇಳಿದಾಗ, ತನ್ನ ಮಾನವೇ ಹೋಗುತ್ತಿದ್ದ ಹೊತ್ತಿನಲ್ಲೂ ಅವನು ನನ್ನ ಹೆಸರು ಹೇಳಲಿಲ್ಲ. ಇವತ್ತಿಗೂ ಅಸಾಫೊದಲ್ಲಿ ನನ್ನ ಅಂಗಡಿಗೆ ಒಳ್ಳೆಯ ಹೆಸರಿದೆ. ಅದರ ಮಟ್ಟಿಗೆ ನಾನು ಯಾವ್ ನಿಮಾಕೊನಿಗೆ ಋಣಿ.