ಮಿಲಿಟರಿ ಮಂಜಣ್ಣನ ಎರಡು ಹಾರ್ನ್

ಕೆರೆಕಟ್ಟೆಯ ತಿರುವಿನಲ್ಲಿ ನಾನು ಎರಡು ಸಲ ಹಾರ್ನ್ ಹೊಡೆದೆ, ಅಷ್ಟೇ. ಮೇಲಿನ ಮನೆಯಿಂದ ಅಜ್ಜಿಯೊಬ್ಬರು ಔಷಧಿ ಚೀಟಿ ಹಿಡಿದು ಓಡೋಡಿ ಬಂದರು. ಜೀಪಿನೊಳಗೆ ನನ್ನ ಮುಖ ಕಂಡದ್ದೇ ನಿಂತುಬಿಟ್ಟರು.

ಅರ್ಧ ಗಂಟೆ ಮೊದಲಷ್ಟೇ, ಟೈರ್ ಸವೆದಿದೆ ಎಂದು ಚೌಕಾಶಿ ಮಾಡಿ ಆ ಜೀಪು ಕೊಂಡಿದ್ದೆ. ಮಾರಿದವರು ಮಾಜಿ ಸೈನಿಕ ಮಂಜಣ್ಣನ ಹೆಂಡತಿ. ಸೇನೆಯಿಂದ ಬಂದ ಎರಡೇ ವರ್ಷಕ್ಕೆ, ನಲವತ್ತು ತುಂಬುವ ಮೊದಲೇ ಮಂಜಣ್ಣ ಹೃದಯಾಘಾತದಿಂದ ತೀರಿಕೊಂಡಿದ್ದರು.

“ಅವ ಹೋದದ್ದು ಗೊತ್ತು ಮಾರಾಯ. ಹಾರ್ನ್ ಕೇಳಿದ ಕೂಡ್ಲೇ ಕಾಲು ಓಡಿ ಬಂತು,” ಎಂದರು ಅಜ್ಜಿ. ಬಸ್ಸು ಕಡಿಮೆಯಿರುವ ಆ ದಾರಿಯಲ್ಲಿ ಮಂಜಣ್ಣ ಪ್ರತಿ ಸೋಮವಾರ ಮನೆಮನೆಯೆದುರು ಎರಡು ಹಾರ್ನ್ ಹೊಡೆದು, ಶೃಂಗೇರಿ ಆಸ್ಪತ್ರೆಗೆ ಹೋಗುವವರನ್ನು ಹತ್ತಿಸಿಕೊಳ್ಳುತ್ತಿದ್ದರಂತೆ. ಅವತ್ತೂ ಸೋಮವಾರ. ಅಜ್ಜಿಯ ಬಿ.ಪಿ. ಮಾತ್ರೆ ಮುಗಿದು ನಾಲ್ಕು ದಿನವಾಗಿತ್ತು.

“ಹತ್ತಿ ಅಜ್ಜಿ,” ಎಂದೆ.

“ಮುಂದಿನ ಸೀಟು ನಂದು. ನಿನ್ನ ಚೀಲ ಹಿಂದೆ ಹಾಕು!”

ಹಳೆ ಗಾಡಿ ಕೊಳ್ಳುವವರು ಎಂಜಿನ್ ನೋಡಿ, ಟೈರ್ ನೋಡಿ, ಚೌಕಾಶಿಯನ್ನೂ ಮಾಡಿ. ಆದರೆ ಅದು ಯಾರನ್ನು ಎಲ್ಲಿಗೆ ಒಯ್ಯುತ್ತಿತ್ತು ಎಂದು ಮೊದಲೇ ಕೇಳಿಕೊಳ್ಳಿ. ಕೇಳದೆ ಕೊಂಡ ನಾನು ಆ ಜೀಪನ್ನು ಇನ್ನೂ ಮಾರಿಲ್ಲ. ಕೊಪ್ಪದ ನನ್ನ ಅಂಗಡಿಗೆ ಈಗ ಸೋಮವಾರ ರಜೆ.