ನಮ್ಮ ಒಗೆಯುವ ಕಲ್ಲಿನ ಮೇಲೆ ಸಂಶೋಧನೆ

ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ಈಚೆಗೆ ಅದರ ಮೇಲೆ ಬಟ್ಟೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಇಟ್ಟಾಗಿದೆ. ಅಳತೆ ಟೇಪು, ಕ್ಯಾಮೆರಾ, ಭೂತಗನ್ನಡಿ, ಮೈಕು, ಗಾಜಿನ ಸೀಸೆ, ಒಮ್ಮೆ ಯಾರದೋ ಚಿತ್ರಾನ್ನದ ಡಬ್ಬಿ. ಎಲ್ಲವೂ ಯೂನಿವರ್ಸಿಟಿಯಿಂದ ಬಂದವು. ಚಿತ್ರಾನ್ನ ಹಾಸ್ಟೆಲಿನದಿರಬೇಕು, ಒಗ್ಗರಣೆಗೆ ಎಣ್ಣೆಯನ್ನು ಬಹಳ ಯೋಚನೆ ಮಾಡಿ ಹಾಕಿದ್ದರು.

ನಾನು ಓದಿದ್ದು ಏಳನೇ ಕ್ಲಾಸು. ಅದಕ್ಕೆ ನನಗೇನೂ ನಾಚಿಕೆಯಿಲ್ಲ. ಗಾರೆ ಕೆಲಸ ಕಲಿತೆ, ಮೇಸ್ತ್ರಿಯಾದೆ. ನಮ್ಮೂರು ಹೆಡತಲೆಯಲ್ಲಿ ಯಾವ ಬಚ್ಚಲಿಗೆ ಬೇಕಾದರೂ ಹೋಗಿ ನೀರು ಸುರಿಯಿರಿ, ಅದು ಅತ್ತಿತ್ತ ನೋಡದೆ ಸೀದಾ ತೂತಿಗೆ ಹೋಗುತ್ತಿದ್ದರೆ ಆ ನೆಲ ನಾನು ಮಾಡಿದ್ದು. ಇಷ್ಟು ಹೆಸರು ಮಾಡಿದವನ ಹೆಂಡತಿ ಒಗೆಯುವುದಕ್ಕೆ ಕಲ್ಲಿಲ್ಲದೆ ಬಟ್ಟೆಗಂಟು ಹೊತ್ತು ಬಸ್ಸು ಹತ್ತುವಂತಾಯಿತಲ್ಲ, ಆ ಸಂಕಟವನ್ನು ನಿಮ್ಮ ಹತ್ತಿರ ಹೇಳಿಕೊಳ್ಳದೆ ಇನ್ನಾರ ಹತ್ತಿರ ಹೇಳಿಕೊಳ್ಳಲಿ?

ಮೊದಲು ಬಂದವಳು ಇತಿಹಾಸದ ಹುಡುಗಿ. ಸುಮ ಅಂತ ಹೆಸರು. ಊರಿನ ಹಳೇ ಕಲ್ಲುಗಳನ್ನು ನೋಡಿಕೊಂಡು ಬಂದವಳು ನೀರು ಕೇಳಿ ನಮ್ಮ ಹಿತ್ತಲಿಗೆ ಬಂದಳು. ನೀರು ಕುಡಿಯಲಿಲ್ಲ. ಚೊಂಬು ಹಿಡಿದುಕೊಂಡೇ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಅದರ ಅಂಚಿನಲ್ಲಿ ಅಕ್ಷರಗಳಿವೆಯಂತೆ. ಯಾರೋ ಯಾರಿಗೋ ಏನೋ ಕೊಟ್ಟಿದ್ದಾರೆ. ಕೊಟ್ಟವನ ಹೆಸರು ಸವೆದಿದೆ, ಇಸಕೊಂಡವನ ಹೆಸರೂ ಸವೆದಿದೆ, ಕೊಟ್ಟದ್ದು ಮಾತ್ರ ಉಳಿದಿದೆ. ಸವೆಸಿದವರು ಯಾರು ಅಂತ ನಾನು ಕೇಳಲಿಲ್ಲ. ನಮ್ಮಜ್ಜಿ, ನಮ್ಮವ್ವ, ಈಗ ನನ್ನ ಹೆಂಡತಿ ಮಹದೇವಮ್ಮ, ಮೂವರೂ ಕೈ ಬಲವಾಗಿದ್ದ ಹೆಂಗಸರು.

"ಸಾರ್, ದಯವಿಟ್ಟು ಇದರ ಮೇಲೆ ಸದ್ಯಕ್ಕೆ ಬಟ್ಟೆ ಒಗೀಬೇಡಿ" ಅಂದಳು ಸುಮ.

ನನ್ನನ್ನು ಅದುವರೆಗೆ ಸಾರ್ ಅಂದವರು ಸಿಮೆಂಟ್ ಅಂಗಡಿಯವನು ಬಿಟ್ಟರೆ ಯಾರೂ ಇಲ್ಲ. "ಒಗೆಯಲ್ಲ ಕಣಮ್ಮ, ಮಾತು ಅಂದ್ರೆ ಮಾತು" ಅಂದುಬಿಟ್ಟೆ. ಒಗೆಯುವವಳು ಒಳಗೆ ಮುದ್ದೆ ತಿರುವುತ್ತಿದ್ದಳು. ಅವಳನ್ನು ಕೇಳಬೇಕು ಅಂತ ಹೊಳೆಯಲೇ ಇಲ್ಲ.

ಸುಮ ಹಾಸ್ಟೆಲಿಗೆ ಹೋಗಿ ಊಟದ ಹೊತ್ತಲ್ಲಿ ಬಾಯಿಬಿಟ್ಟಿರಬೇಕು. ಆಮೇಲೆ ಶುರುವಾಯಿತು ನೋಡಿ. ಭೂವಿಜ್ಞಾನದ ಹುಡುಗ ಪ್ರದೀಪ ಸಣ್ಣ ಸುತ್ತಿಗೆ ಹಿಡಿದು ಬಂದ. ಈ ಜಾತಿ ಕಲ್ಲು ನಮ್ಮ ಸುತ್ತಮುತ್ತ ಸಿಕ್ಕುವುದಿಲ್ಲ, ಎಲ್ಲಿಂದಲೋ ಬಂದಿದೆ ಅಂದ. ಸಸ್ಯಶಾಸ್ತ್ರದವಳು ಬಗ್ಗಿ ನೋಡಿ ಕಲ್ಲಿನ ಬುಡದ ಪಾಚಿಯನ್ನು ಉಜ್ಜಬಾರದು ಅಂದಳು. ಆ ಪಾಚಿಯಲ್ಲಿ ಜಾರಿ ನಾನು ಸೊಂಟ ಉಳುಕಿಸಿಕೊಂಡದ್ದನ್ನು ಹೇಳಿದರೆ, ನನ್ನ ಸೊಂಟವನ್ನು ಬಿಟ್ಟು ಪಾಚಿಯ ಕಡೆಗೇ ಕನಿಕರದಿಂದ ನೋಡಿದಳು. ರಸಾಯನಶಾಸ್ತ್ರದವನು ಚರಂಡಿಯ ಸೋಪಿನ ನೀರನ್ನು ಸೀಸೆಗೆ ತುಂಬಿ ಮುಚ್ಚಳ ಹಾಕಿ, ಪಂಚಾಮೃತದ ಹಾಗೆ ಎದೆಗೊತ್ತಿಕೊಂಡು ಹೋದ. ಸಮಾಜಶಾಸ್ತ್ರದ ಮೇಡಂ ಬಂದು, ನಿಮ್ಮ ಮನೆಯಲ್ಲಿ ತೀರ್ಮಾನ ಮಾಡುವವರು ಯಾರು ಅಂತ ಕೇಳಿದರು. ನಾನು "ನಾನೇ" ಅಂದೆ. ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಬಂತು. ಮೇಡಂ ಅದನ್ನೂ ಬರೆದುಕೊಂಡರು.

ಅಷ್ಟಾದ ಮೇಲೆ ಮಹದೇವಮ್ಮ ಆಚೆ ಬಂದಳು.

"ನಿಮ್ ಕಲ್ಲು ನೀವೇ ಮಡಿಕಳಿ. ಓದ್ದೋರು ಬಂದ್ರೆ ಸಾಕು, ಬಾಯ್ ಬುಟ್ಕೊಂಡ್ ನಿಂತ್ಕತೀರ. ಅವ್ರು ಬರಕೊಂಡ್ ಓಯ್ತರೆ, ನಿಮ್ ಲುಂಗೀನ ಅವ್ರು ಒಗ್ದ್ ಕೊಟ್ಟಾರಾ?" ಇನ್ನೂ ಬಹಳ ಅಂದಳು, ಬರೆಯುವಂಥದ್ದಲ್ಲ. ಆದರೆ ಅವತ್ತೇ ಭಾಷಾಶಾಸ್ತ್ರದವನೊಬ್ಬ ಬೇಲಿ ಹತ್ತಿರ ಮೈಕು ಹಿಡಿದು ನಿಂತಿದ್ದ. "ಅಮ್ಮ, ಬಹಳ ಚೆನ್ನಾಗಿದೆ, ಇನ್ನೊಂದು ಸಲ ಬೈತೀರಾ?" ಅಂದ. ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ, ಚೆನ್ನಾಗಿದೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಆ ಸೋಮವಾರ ಮಹದೇವಮ್ಮ ಬಟ್ಟೆಯೆಲ್ಲ ಗಂಟು ಕಟ್ಟಿ ತವರಿಗೆ ಹೊರಟಳು. ತವರು ಸೋಸಲೆ. ಕಾವೇರಿ ಮೆಟ್ಟಿಲ ಮೇಲೆ ಒಗೆದು ಬೆಳೆದ ಕೈ ಅದು. ಹೆಂಗಸರಿಗೆ ಬಸ್ಸು ಹೇಗೂ ಪುಕ್ಕಟೆ. ನಂಜನಗೂಡಿಗೆ ಒಂದು ಬಸ್ಸು, ಅಲ್ಲಿಂದ ನರಸೀಪುರಕ್ಕೆ, ಅಲ್ಲಿಂದ ಸೋಸಲೆಗೆ. ಸಂಜೆ ಒಣಗಿದ ಬಟ್ಟೆಯ ಜೊತೆ ವಾಪಸು ಬಂದಳು, ಮುಂದಿನ ಸೋಮವಾರ ಮತ್ತೆ ಹೊರಟಳು. "ಇಂಗೇ ಆದ್ರೆ ಒಂದಿನ ಬಟ್ಟೆ ಅಷ್ಟೇ ಬತ್ತವೆ, ನಾನು ಬರಲ್ಲ" ಅಂತ ಹೇಳಿಯೇ ಹತ್ತಿದಳು. ನಗುತ್ತಾ ಹೇಳಿದ್ದರೆ ಸರಿ. ನಗಲಿಲ್ಲ.

ಬಸ್ ಸ್ಟ್ಯಾಂಡಿನ ಟೀ ಅಂಗಡಿ ಸಿದ್ದಪ್ಪ ಸುಮ್ಮನಿರುತ್ತಾನೆಯೇ? "ಏನ್ಲಾ ಮೇಸ್ತ್ರಿ, ಊರೋರ್ಗೆಲ್ಲ ಬಚ್ಚಲು ಕಟ್ಕೊಡ್ತೀಯ, ಕಟ್ಕೊಂಡೋಳ್ಗೊಂದು ಕಲ್ ಆಕ್ಸ್‌ಕೊಡಕ್ಕಾಗಲ್ವ?" ಅಂದ. ಟೀ ಅರ್ಧಕ್ಕೇ ಬಿಟ್ಟು ಎದ್ದೆ. ಮನೆಗೆ ಬಂದವನೇ ಇಟ್ಟಿಗೆ ಜೋಡಿಸಿ, ಮೇಲೆ ಸಿಮೆಂಟು ಮೆತ್ತಿ, ಕರಣೆಯಲ್ಲಿ ತೀಡಿ ಹೊಸ ಕಲ್ಲೊಂದನ್ನು ಮಾಡಿಟ್ಟೆ. ಮಹದೇವಮ್ಮ ಅಂಗೈ ಸವರಿ ನೋಡಿದಳು. "ಇದ್ರ ಮೇಲೆ ಸೀರೆ ಕುಕ್ಕುದ್ರೆ ಸೀರೆ ಓಯ್ತದೆ, ಮೆಲ್ಲುಗ್ ಉಜ್ಜುದ್ರೆ ಕೊಳೆ ಓಗಲ್ಲ" ಅಂತ ಹೇಳಿ ಅದರ ಮೇಲೆ ಕೋಳಿಗೆ ಅಕ್ಕಿ ನುಚ್ಚು ಚೆಲ್ಲಿದಳು.

ಇನ್ನು ಸಾಧ್ಯವಿಲ್ಲ ಅಂತ ನಾನೇ ಯೂನಿವರ್ಸಿಟಿಗೆ ಹೋದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಅಂಗಿ ಸೋಸಲೆಯಲ್ಲಿ ಒಗೆದದ್ದು. ಅಲ್ಲಿ ಬಾಗಿಲಿಗೊಂದು ಬೋರ್ಡು, ಬೋರ್ಡಿಗೊಂದು ಶಾಸ್ತ್ರ. ಒಬ್ಬರು ಕಪ್ಪೆ ಯಾವ ಯಾವ ರಾಗದಲ್ಲಿ ವಟಗುಟ್ಟುತ್ತದೆ ಅಂತ ನೋಡುತ್ತಿದ್ದಾರೆ. ಒಬ್ಬಳು ಮದುವೆಯ ಕರೆಯೋಲೆಗಳನ್ನು ರಾಶಿ ಹಾಕಿಕೊಂಡಿದ್ದಾಳೆ, ಒಂದು ಮದುವೆಗೂ ಹೋಗಿಲ್ಲ. ಒಬ್ಬ ಕಂಡಕ್ಟರುಗಳು ಆಡುವ ಮಾತಿನ ಮೇಲೆ ಬರೆಯುತ್ತಿದ್ದಾನೆ. ಗಣಿತದ ಕೋಣೆಯಲ್ಲಿ ಒಬ್ಬರು ಬರೀ ಬೋರ್ಡು ನೋಡುತ್ತಾ ಕೂತಿದ್ದರು. ಏನು ಸ್ವಾಮಿ ಅಂದೆ. "ಉತ್ತರ ಇನ್ನೂ ಬಂದಿಲ್ಲ" ಅಂದರು. ನನ್ನ ಹಿತ್ತಲಿಗೆ ಕಾಲಿಡದ ಶಾಸ್ತ್ರ ಅದೊಂದೇ ಆದ್ದರಿಂದ ಅವರಿಗೆ ಮನಸಾರೆ ಕೈಮುಗಿದೆ.

ಹಾಗೆ ನೋಡಿದರೆ ಸೋಮನಾಥಪುರದ ಗುಡಿಯನ್ನು ಕಟ್ಟಿದವರಲ್ಲೂ ಒಬ್ಬನಿಗೆ ಆನೆ ಕೆತ್ತಲು ಬರುತ್ತಿತ್ತು, ಒಬ್ಬನಿಗೆ ಹೂಬಳ್ಳಿ, ಒಬ್ಬನಿಗೆ ಬಳುಕುವ ಸೊಂಟ. ಆನೆಯವನು ಬಳ್ಳಿಯವನಿಗೆ ಜಾಗ ಬಿಟ್ಟು ಕೆತ್ತಿದ್ದಾನೆ. ಅಲ್ಲೇ ಪಕ್ಕದ ಮನೆಯೊಂದಕ್ಕೆ ಗಾರೆ ಮಾಡಲು ಹೋಗಿದ್ದಾಗ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಾ ಇದನ್ನು ಬಹಳ ಸಲ ನೋಡಿದ್ದೇನೆ. ಅವರಿಗೆ ಗೋಡೆ ಒಂದೇ ಆಗಿತ್ತು, ಮೇಸ್ತ್ರಿಯೂ ಇದ್ದನೇನೋ. ಇವರಿಗೆ ಮೇಸ್ತ್ರಿ ಇಲ್ಲ. ಒಬ್ಬರು ಬಂದು ಹೋದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಗಾರೆಯವನು ಒಂದು ದಿನ, ನಲ್ಲಿಯವನು ಇನ್ನೊಂದು ದಿನ ಬಂದು ಹಾಕಿದ ನೆಲವನ್ನು ಅಗೆಯುವ ಹಾಗೆ. ಆದ್ದರಿಂದ ಕೋಣೆ ಕೋಣೆಗೂ ಹೋಗಿ, "ಬರೋ ಭಾನುವಾರ ಎಲ್ಲರೂ ಒಟ್ಟಿಗೆ ಬನ್ನಿ, ಮುಗಿಸಿ ನಮ್ಮ ಕಲ್ಲು ನಮಗೆ ಕೊಡಿ" ಅಂತ ಹೇಳಿ ಬಂದೆ.

ಬಂದರು. ಮಹದೇವಮ್ಮ ಗಂಟು ಕಟ್ಟಿ ಬಾಗಿಲಲ್ಲೇ ಇಟ್ಟಿದ್ದಳು, ಬೆಳಗಾದರೆ ಸೋಮವಾರ. ಹಿತ್ತಲಲ್ಲಿ ಎಲ್ಲರೂ ಸೇರಿ ಕಾಫಿ ಕುಡಿಯುವವರೆಗೆ ಶಾಂತಿ ಇತ್ತು. ಆಮೇಲೆ ಪ್ರದೀಪ, ಕಲ್ಲು ಬೇರೆ ಕಡೆಯದು, ಆದ್ದರಿಂದ ಅದರಲ್ಲಿ ಬರೆದ ದಾನವೂ ಈ ಊರಿನದಲ್ಲ ಅಂದ. ಸುಮಳಿಗೆ ಸಿಟ್ಟು ಬಂತು.

"ಕಲ್ಲು ಹೊರಗಿಂದ ತಂದಿರಬಹುದು ಕಣೋ, ಅಕ್ಷರ ಇಲ್ಲೇ ಕೆತ್ತಿದ್ದಾರೆ. ನಿನ್ನ ಸುತ್ತಿಗೆಗೆ ಓದೋಕೆ ಬರುತ್ತಾ?"

"ನೀನು ಅರ್ಧ ಸಾಲು ಓದಿ ಅರ್ಧ ಚರಿತ್ರೆ ಕಟ್ತೀಯ."

ಪಾಚಿಯವಳು ಸುಮಳ ಕಡೆ ಸೇರಿದಳು, ಸೀಸೆಯವನು ಪಾಚಿಯವಳ ಮೇಲೆ ಜಗಳಕ್ಕೆ ಬಿದ್ದ. ಇವರೆಲ್ಲರೂ ಹೆಂಗಸರ ಶ್ರಮವನ್ನೇ ಮರೆತಿದ್ದಾರೆ ಅಂತ ಸಮಾಜಶಾಸ್ತ್ರದ ಮೇಡಂ ಧ್ವನಿ ಎತ್ತಿದರು. ಮೈಕಿನವನು ಯಾರ ಬಾಯಿಗೆ ಹಿಡಿಯಬೇಕು ತಿಳಿಯದೆ ಸುತ್ತುತ್ತಿದ್ದ. ನಾನು ಸಮಾಧಾನ ಹೇಳಲು ಹೋಗಿ, ಕಲ್ಲು ನಮ್ಮಜ್ಜ ತಂದದ್ದಿರಬಹುದು ಅಂದೆ. ಎಲ್ಲರೂ ಒಟ್ಟಾಗಿ ನನ್ನನ್ನು ಸುಮ್ಮನಿರಿಸಿದರು.

ಆಗ ದಪ್ ದಪ್ ಅಂತ ಸದ್ದು ಕೇಳಿಸಿತು. ಎಲ್ಲರ ಕಣ್ಣೂ ಒಬ್ಬರ ಮೇಲೊಬ್ಬರಿಗೆ ನೆಟ್ಟಿದ್ದಾಗ ಕಲ್ಲನ್ನು ನೋಡುವವರೇ ಇರಲಿಲ್ಲ. ಮಹದೇವಮ್ಮ ಗಂಟು ಬಿಚ್ಚಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಅರ್ಧ ಬಟ್ಟೆ ಮುಗಿಸಿದ್ದಳು. ಸೋಪಿನ ನೀರು ಮೇಡಂ ಚಪ್ಪಲಿಯವರೆಗೂ ಬಂದಿತ್ತು. ನೆನೆದ ಹಾಸಿಗೆ ಬಟ್ಟೆಯ ಒಂದು ತುದಿಯನ್ನು ಸುಮಳ ಕೈಗೆ, ಇನ್ನೊಂದನ್ನು ಪ್ರದೀಪನ ಕೈಗೆ ಕೊಟ್ಟಳು.

"ಅಮ್ಮಾ, ಕಲ್ಲು..." ಅಂದಳು ಸುಮ.

"ಕಲ್ ಎಲ್ಗೂ ಓಗಲ್ಲ. ಬಿಗಿಯಾಗ್ ಇಡ್ಕೊ."

ಸುಮ ಹಿಡಿದುಕೊಂಡಳು. ಮೆಲ್ಲಗೆ, "ನನ್ನದು ಕಾಗದದ ಮೇಲೆ ಅಕ್ಷರದ ಅಚ್ಚು ತೆಗೆದಾಗಿದೆ ಅಮ್ಮ. ಆ ಅಂಚೊಂದನ್ನ ಉಜ್ಜದಿದ್ರೆ ಸಾಕು" ಅಂದಳು.

"ಇಷ್ಟ್ನ ಮೊದ್ಲೇ ಯೋಳಕ್ಕೇನಾಗಿತ್ತು ಮಗ? ನಾನ್ ಸೋಸ್ಲೆಗೆ ಅಲೀತಿರ್ನಿಲ್ಲ" ಅಂದಳು ಮಹದೇವಮ್ಮ. ಆಮೇಲೆ ನನ್ನ ಕಡೆ ನೋಡಿದಳು. ನಾನು ಬಾವಿಕಟ್ಟೆಯ ಕಡೆ ನೋಡಿದೆ.

ಪ್ರದೀಪನೂ ಸುಮಳೂ ಜಗಳ ಬಿಟ್ಟಿರಲಿಲ್ಲ. ಹಾಸಿಗೆ ಬಟ್ಟೆ ಹಿಂಡುತ್ತಲೇ, ಅವನು ಕಲ್ಲು ಹೊರಗಿನದು ಅಂತ ಅತ್ತ ತಿರುಚುತ್ತಿದ್ದ, ಅವಳು ಅಕ್ಷರ ಇಲ್ಲಿನದು ಅಂತ ಇತ್ತ ತಿರುಚುತ್ತಿದ್ದಳು. ಬಟ್ಟೆ ಹಗ್ಗದ ಹಾಗೆ ಬಿಗಿದು ನೀರು ಧಾರೆಯಾಗಿ ಇಳಿಯಿತು. ಇಬ್ಬರೂ ಒಂದೇ ಕಡೆಗೆ ತಿರುಗಿಸಿದ್ದರೆ ಒಂದು ತೊಟ್ಟೂ ಬೀಳುತ್ತಿರಲಿಲ್ಲ.