ಮರದ ಒರೆಯ ಮೇಲಿನ ಹೆಸರು

ವಾರಿಜಮ್ಮ ಮೆಲ್ಬರ್ನಿನ ಕ್ರೇಗಿಬರ್ನಿಗೆ, ಮಗಳ ಮನೆಗೆ ಬಂದ ಮೂರನೆಯ ದಿನ ಪಕ್ಕದ ಮನೆಯ ಕೊರಗಪ್ಪನವರನ್ನು ಕಂಡರು. ಟ್ರಾಮ್ ಓಡಿಸಿ ನಿವೃತ್ತರಾದ ಒಂಟಿ ಮನುಷ್ಯ. ಲೈಸೆನ್ಸ್ ಪಡೆದು, ಚೀನಾದಲ್ಲಿ ತಯಾರಾದ ಹಳೆಯ ಸೈನ್ಯದ ಪಿಸ್ತೂಲುಗಳನ್ನು ಕೂಡಿಡುತ್ತಿದ್ದರು.

"ಚೀನಾ ಮಾಲು ಅಂದ್ರೆ ಡೂಪ್ಲಿಕೇಟ್ ಅಲ್ವೇನ್ರೀ?" ಎಂದು ವಾರಿಜಮ್ಮ ನಕ್ಕರು.

"ಹೌದು ಅಕ್ಕ, ಜರ್ಮನಿಯದ್ದರ ನಕಲೇ. ಆದ್ರೆ ಕೈಯಲ್ಲಿ ಅರ ಹಾಕಿ ಉಜ್ಜಿ ಮಾಡಿದ್ದು. ಒಂದರ ಹಾಗೆ ಇನ್ನೊಂದು ಇಲ್ಲ ಮಾರಾಯ್ರೆ."

ಸಿಡ್ನಿಯ ಹರಾಜಿನಲ್ಲಿ ಕೊಂಡ ಒಂದು ಪಿಸ್ತೂಲಿನ ಮರದ ಒರೆಯ ಮೇಲೆ ಯಾವನೋ ಚೀನೀ ಸಿಪಾಯಿ ಶಾಯಿಯಲ್ಲಿ ತನ್ನ ಹೆಸರು, ಊರು ಬರೆದುಕೊಂಡಿದ್ದ. ಅವನ ಮನೆಯವರನ್ನು ಹುಡುಕುವುದೇ ಕೊರಗಪ್ಪನವರಿಗೆ ಉಳಿದಿದ್ದ ಆಸೆ. ಮಾಸಿದ ಅಕ್ಷರ ಫೋಟೋದಲ್ಲಿ ಮೂಡಿರಲಿಲ್ಲ. ಓದಬಲ್ಲ ಚೀನೀ ಮೇಷ್ಟ್ರೊಬ್ಬರು ಮರುವಾರ ಬರುವವರಿದ್ದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ವಾರಿಜಮ್ಮನನ್ನೂ ಮನೆಗೆ ಕರೆದಿದ್ದ ಕೊರಗಪ್ಪ ಪಿಸ್ತೂಲನ್ನೂ ಒರೆಯನ್ನೂ ದೇವರ ಮುಂದಿಟ್ಟು ಕಾರಿಗೆ ನಿಂಬೆಹಣ್ಣು ಇಡಲು ಹೊರಗೆ ಹೋದರು. ಪೂಜೆಗಿಟ್ಟದ್ದು ಕೊಳಕಾಗಿರಬಾರದೆಂದು ವಾರಿಜಮ್ಮ ಒರೆಗೆ ಸೀಗೆಪುಡಿ ಹಾಕಿ, ನಾರಿನಿಂದ ತಿಕ್ಕಿ ತೊಳೆದು, ಕುಂಕುಮವಿಟ್ಟರು. ಒಳಗೆ ಬಂದ ಕೊರಗಪ್ಪ ಒರೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಕ್ಷರ ಒಂದೂ ಉಳಿದಿರಲಿಲ್ಲ.

ಆಮೇಲೆ ಅವರು ಬೇಲಿಯ ಬಳಿ ಮಾತಿಗೆ ನಿಲ್ಲಲಿಲ್ಲ. ಮರುವರ್ಷ ಜೂನಿನ ಚಳಿಗಾಲದಲ್ಲಿ ಆಸ್ಪತ್ರೆ ಸೇರಿ, ಇನ್ನು ಏಳುವುದಿಲ್ಲ ಎಂದಾದಾಗ ವಾರಿಜಮ್ಮನಿಗೆ ಹೇಳಿಕಳಿಸಿದರು. ತನ್ನ ಹೆಸರು ಬರೆಯುವಷ್ಟೇ ಕಲಿತಿದ್ದ ವಾರಿಜಮ್ಮನ ಕೈಗೆ ಕಾಗದ, ಪೆನ್ನು ಕೊಟ್ಟು ಕೇಳಿದರು:

"ತಿಕ್ಕುವಾಗ ಹತ್ತಿರದಿಂದ ನೋಡಿದ್ದೀರಲ್ಲ ಅಕ್ಕ, ಆ ಅಕ್ಷರ ಹೇಗಿತ್ತು? ಒಂದಾದ್ರೂ ಬರೆದು ಕೊಡ್ತೀರಾ?"